ಎಳ್ಳು, ಬೆಲ್ಲ, ವೈಫೈ

ಹುಲಿ ಆಕಳಿಸಬೇಕಿತ್ತು. ತ್ರಿವೇಣಿ ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿ, ಬಾಯನ್ನು ಎಷ್ಟು ಅಗಲಿಸಬಹುದೋ ಅಷ್ಟು ಅಗಲಿಸಿ "ಆಆಆ" ಎಂದಳು. ಸರಿಯಾಗಿ ಆಗಲೇ ಇಂಟರ್ನೆಟ್ ನಿಂತುಹೋಯಿತು.

ಮತ್ತೆ ಬಂದಾಗ ಲ್ಯಾಪ್‌ಟಾಪಿನ ಪರದೆಯಲ್ಲಿ ಇಂಪನಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ತ್ರಿವೇಣಿ, ನಿನ್ನ ಕಿರುನಾಲಗೆ ಕಾಣಿಸ್ತಿತ್ತು ಕಣೇ. ಆವಾಗ್ಲಿಂದ ಎಲ್ರೂ ಅದನ್ನೇ ನೋಡ್ತಾ ಇದೀವಿ. ಸ್ಕ್ರೀನ್‌ಶಾಟ್ ತಗೊಂಡಿದೀನಿ, ಸ್ಟಿಕ್ಕರ್ ಮಾಡ್ತೀನಿ."

"ಮಾಡಬ್ಯಾಡ."

"ಮಾಡಾಯ್ತು."

"ಇಂಪನಾ, ಸುಮ್ಮನಿರಮ್ಮ," ಎಂದರು ಶ್ರೀಕಂಠಯ್ಯ ಸರ್. ಖಡಕಿಯ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಅವರು ಪ್ರತಿ ಶನಿವಾರ ಬೆಳಿಗ್ಗೆ ಪುಣೆಯ ಸುತ್ತಮುತ್ತಲಿನ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕನ್ನಡ ಕಲಿಸುತ್ತಿದ್ದರು. "ತ್ರಿವೇಣಿ, ನಿನ್ನ ಹುಲಿಯ ಕತೆ ಬಹಳ ಚೆನ್ನಾಗಿದೆ. ಹುಲಿಯ ಮೀಸೆ ಕಳೆದುಹೋದದ್ದು ತಿಳಿಯಿತು. ಆಮೇಲೆ ಏನಾಯಿತೆಂದು ಮಾತ್ರ ನಮಗೆ ಯಾರಿಗೂ ತಿಳಿಯಲಿಲ್ಲ. ನಾಳೆ ಬಿಟ್ಟು ಮುಂದಿನ ಭಾನುವಾರ ಕತೆ ಹೇಳುವ ಸ್ಪರ್ಧೆ. ಮುಂಬಯಿ, ಸೊಲ್ಲಾಪುರ, ಹೈದರಾಬಾದಿನ ಮಕ್ಕಳೆಲ್ಲ ಇರುತ್ತಾರೆ. ಒಬ್ಬರಿಗೆ ಒಂದೇ ಅವಕಾಶ. ನಡುವೆ ನಿಂತರೆ..."

ಇಷ್ಟು ಹೇಳಿ ಸರ್ ಕೂಡ ನಿಂತರು. ಅವರ ಬೆರಳು ಮೂಗಿನ ಹತ್ತಿರ ಇತ್ತು. ಪಾಪ, ಕನ್ನಡಕ ಸರಿಮಾಡಿಕೊಳ್ಳಲು ಹೊರಟಿದ್ದರೇನೋ.

ತ್ರಿವೇಣಿ ಲ್ಯಾಪ್‌ಟಾಪ್ ಮುಚ್ಚಿ ಕಿಟಕಿಯಿಂದ ಹೊರಗೆ ನೋಡಿದಳು. ಮನೆಯ ಮುಂದಿನ ಕಟ್ಟೆಯ ಮೇಲೆ ಅರ್ಧ ಓಣಿಯೇ ಕುಳಿತಿತ್ತು. ಎಲ್ಲರ ಕೈಯಲ್ಲೂ ಒಂದೊಂದು ಫೋನು. ಅಜ್ಜಿ ಗೌರಾಬಾಯಿ ಅವರ ನಡುವೆ ಚಹಾ ಹಂಚುತ್ತ ಓಡಾಡುತ್ತಿದ್ದಳು, ಮದುವೆ ಮನೆಯ ಯಜಮಾನಿಯಂತೆ.

ಇದೆಲ್ಲ ಅಜ್ಜಿಯದೇ ಕೆಲಸ.

ಅವರ ಮನೆ ಇದ್ದದ್ದು ಪುಣೆ ಹತ್ತಿರದ ಸಾಸವಡದ ಆಚೆ, ಬೆಟ್ಟದ ಬುಡದ ಒಂದು ವಾಡಿಯಲ್ಲಿ, ಎಂದರೆ ಸಣ್ಣ ಹಳ್ಳಿಯಲ್ಲಿ. ಅಪ್ಪ ಗೂಳಪ್ಪ ತೋಟಗಳಿಂದ ಅಂಜೂರ ಕೊಂಡು ಪುಣೆಯ ಮಾರುಕಟ್ಟೆಗೆ ಕಳಿಸುವ ವ್ಯಾಪಾರಿ. ವಾಡಿಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ನೀರಿನ ಟ್ಯಾಂಕಿನ ಮೇಲೆ ಹತ್ತಿದರೆ ಮಾತ್ರ. ಹೋದ ತಿಂಗಳು ಗ್ರಾಮ ಪಂಚಾಯಿತಿ ಕಚೇರಿಯವರೆಗೆ ಬ್ರಾಡ್‌ಬ್ಯಾಂಡ್ ಬಂದಿತು. ಅಲ್ಲಿಂದ ಮರ, ಗೋಡೆ, ದನದ ಕೊಟ್ಟಿಗೆಯ ಮೇಲೆಲ್ಲ ಹಾಯಿಸಿ ಅಪ್ಪ ಮನೆಗೆ ವೈರ್ ಎಳೆಸಿದ. ಇಡೀ ಓಣಿಗೆ ವೈಫೈ ಇದ್ದ ಮನೆ ಅದೊಂದೇ. ಕನ್ನಡ ಮಾತಾಡುವ ಮನೆಯೂ ಅದೊಂದೇ; ಓಣಿಯವರ ಜೊತೆ ಮಾತೆಲ್ಲ ಮರಾಠಿಯಲ್ಲಿ.

ಅಷ್ಟರಲ್ಲಿ ಸಂಕ್ರಾಂತಿ ಬಂತು. ಆ ಕಡೆ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮನೆಮನೆಯಲ್ಲೂ ಅರಿಶಿನ ಕುಂಕುಮ. ಬಂದ ಹೆಂಗಸರಿಗೆ ಎಳ್ಳುಬೆಲ್ಲದ ಜೊತೆ ಒಂದು ವಾಣ ಕೊಡಬೇಕು. ವಾಣವೆಂದರೆ ಮನೆಯ ಬಳಕೆಗೆ ಬರುವ ಸಣ್ಣ ಉಡುಗೊರೆ: ಬಟ್ಟಲು, ಬಾಚಣಿಗೆ, ಹೀಗೆ ಏನಾದರೂ. ಹೋದ ವರ್ಷ ಓಣಿಯಲ್ಲಿ ಎಲ್ಲರೂ ಎಲ್ಲರಿಗೂ ಚಹಾ ಸೋಸುವ ಜರಡಿಯನ್ನೇ ಕೊಟ್ಟುಬಿಟ್ಟಿದ್ದರು. ಗೌರಾಬಾಯಿಯ ಅಡಿಗೆಮನೆಯಲ್ಲಿ ಜರಡಿಗಳದೇ ಒಂದು ಗುಡ್ಡವಿತ್ತು.

"ಈ ವರ್ಷ ಯಾರೂ ಕೊಡದಂಥಾದ್ದು ಕೊಡೂಣು," ಎಂದಳು ಅಜ್ಜಿ. "ವೇಣೀ, ನಮ್ಮ ವೈಫೈದ ಪಾಸ್‌ವರ್ಡ್ ಚೀಟಿ ಮ್ಯಾಲ ಬರಿ. ಚೆಂದಗೆ ಬರಿ, ಬಾಜೂಕ ಒಂದು ಕಬ್ಬಿನ ಚಿತ್ರಾ ತಗಿ."

"ಎಲ್ಲಾರಿಗೂ ಕೊಟ್ರ ನಮಗ ಕಡಿಮಿ ಆಗೂದಿಲ್ಲೇನ ಅಜ್ಜಿ?"

"ಹುಚ್ಚಿ, ಬಾವಿ ನೀರು ಸೇದಿದ್ರ ಕಡಿಮಿ ಆಗತದೇನ? ಸೇದಿದಂಗ ಊರತದ. ಇದೂ ಹಂಗ."

ತ್ರಿವೇಣಿಗೂ ಹೌದೆನಿಸಿತ್ತು. ಸ್ಕೆಚ್ ಪೆನ್ ಹಿಡಿದು ಕುಳಿತು ಅಷ್ಟೂ ಚೀಟಿ ಬರೆದಳು. ಹೆಂಗಸರು ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು, "ಅಗ ಬಾಯಿ, ಎಷ್ಟು ಚೆಂದ ಅಕ್ಷರ ಪೋರಿದು," ಎಂದಾಗ ಅವಳ ಕತ್ತು ಒಂದು ಗೇಣು ಉದ್ದವಾಗಿತ್ತು.

ಮರುದಿನದಿಂದ ಕಟ್ಟೆ ತುಂಬಿತು. ವೈಫೈ ಅಲ್ಲಿಯವರೆಗೆ ಮಾತ್ರ ತಲುಪುತ್ತಿತ್ತಲ್ಲ. ಹಳೆಯ ಪೈಲ್ವಾನ ಜಗ್ಗು ತಾತ್ಯಾ ಕುಸ್ತಿ ನೋಡುತ್ತ, ನೋಡುತ್ತಲೇ ಪಕ್ಕದಲ್ಲಿದ್ದವರ ಕುತ್ತಿಗೆಗೆ ಪಟ್ಟು ಹಾಕುತ್ತಿದ್ದ. ಎದುರು ಮನೆಯ ಶೆವಂತಾ ಕಾಕು ಪುಣೆಯ ಶಿವಾಜಿನಗರದ ಹಾಸ್ಟೆಲಿನಲ್ಲಿದ್ದ ಮೊಮ್ಮಗನಿಗೆ ವಿಡಿಯೋ ಕಾಲ್ ಮಾಡಿ, ಅವನ ತಟ್ಟೆ ತೋರಿಸೆಂದು ಕೇಳಿ, ತಟ್ಟೆಯಲ್ಲಿದ್ದ ಚಪಾತಿ ಎಣಿಸುತ್ತಿದ್ದಳು. ಮೂಲೆ ಮನೆಯಾಕೆ ತಾನು ತಪ್ಪಿಸಿಕೊಂಡಿದ್ದ ಧಾರಾವಾಹಿಯನ್ನು ಮೊದಲಿನಿಂದ ನೋಡಲು ಶುರುಮಾಡಿದ್ದಳು. ಅದು ಆರು ವರ್ಷದಿಂದ ನಡೆಯುತ್ತಿದ್ದ ಧಾರಾವಾಹಿ.

ಒಂದು ದಿನ ತಾತ್ಯಾ ತನ್ನ ಆಡನ್ನು ಎಳೆದುಕೊಂಡು ಬಂದ. "ಗೌರಾಬಾಯಿ, ಇನ್ನೊಂದು ಚೀಟಿ ಕೊಡ್ರಿ. ನಮ್ಮ ಇಂಟರ್ನೆಟ್ ಇದು ತಿಂತು." ಆಡು ಬಾಯಾಡಿಸುತ್ತ ತ್ರಿವೇಣಿಯನ್ನು ನೋಡಿತು. ಇನ್ನೊಂದು ಕೊಟ್ಟರೂ ಬೇಡವೆನ್ನುವಂತಿರಲಿಲ್ಲ ಅದರ ಮುಖ.

ಬಾವಿ ಊರಲಿಲ್ಲ. ಸಣ್ಣ ಪ್ಲಾನು, ಸಣ್ಣ ರೌಟರು. ವಾಡಿಗೆ ಅದಕ್ಕಿಂತ ದೊಡ್ಡದು ಇನ್ನೂ ಬಂದಿರಲಿಲ್ಲ. ತ್ರಿವೇಣಿಯ ಪಾಲಿಗೆ ಉಳಿಯುತ್ತಿದ್ದದ್ದು ತಳದ ಕೆಸರು.

ಅವಳು ಅಪ್ಪನ ಹತ್ತಿರ ಹೋದಳು. ಗೂಳಪ್ಪ ಅಂಜೂರದ ಬುಟ್ಟಿಗೆ ಎಲೆ ಹಾಸುತ್ತಿದ್ದ.

"ಅಪ್ಪಾ, ಪಾಸ್‌ವರ್ಡ್ ಬದಲಿ ಮಾಡೂಣು."

"ಕೊಟ್ಟ ವಾಣ ವಾಪಸ್ ತಗೊಳ್ಳೂದಾ?" ಅಪ್ಪ ಅಡಿಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. "ನಿಮ್ಮ ಅಜ್ಜಿ ನನ್ನ ಮನಿ ಬಿಡಸ್ತಾಳ. ನೀ ಸಣ್ಣಾಕಿ, ನಿನಗ ಊಟಾ ಹಾಕ್ತಾಳ. ನನ್ನ ಗತಿ?"

ಇಂಪನಾ ತನ್ನ ಮನೆಗೇ ಬಂದುಬಿಡೆಂದು ಕರೆದಳು. ಅವಳದು ಪುಣೆ, ಅವಳ ಮನೆಯಲ್ಲಿ ನಾಲ್ಕು ಜನ ನಾಲ್ಕು ಸಿನಿಮಾ ನೋಡಿದರೂ ಒಂದೂ ನಿಲ್ಲುವುದಿಲ್ಲವಂತೆ. ಅಜ್ಜಿ ಒಪ್ಪಲಿಲ್ಲ. "ಮನ್ಯಾಗ ಅನ್ನ ಇಟ್ಟುಕೊಂಡು ಮಂದಿ ಮನ್ಯಾಗ ಉಣ್ಣಾಕ ಹೋಗ್ತಾರೇನು? ಹಂಗಽ ಇದೂ."

ತ್ರಿವೇಣಿ ತಾನೇ ಒಂದು ಉಪಾಯ ಮಾಡಿದಳು. ವೈಫೈ ಹೊರಗೆ ಹೋದರೆ ತಾನೆ ಕಟ್ಟೆಯವರಿಗೆ ಸಿಗುವುದು? ರೌಟರನ್ನು ಕಂಬಳಿಯಲ್ಲಿ ಸುತ್ತಿ, ಜೋಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಮೇಲೆ ಜರಡಿಗಳ ಗುಡ್ಡವನ್ನೆಲ್ಲ ಪೇರಿಸಿದಳು. ಕಟ್ಟೆಯವರಿಗೆ ಬರುವುದು ನಿಂತಿತು. ಅವಳಿಗೆ ಬರುವುದೂ ನಿಂತಿತು. ಜೋಳ ತೆಗೆಯಲು ಬಂದ ಅವ್ವ ಅನುಜಾ ಡಬ್ಬಿಯೊಳಗೆ ಹಸಿರು ಕಣ್ಣು ಮಿಟುಕಿಸುವುದನ್ನು ಕಂಡು ಚೀರಿದ್ದು ಟ್ಯಾಂಕಿನವರೆಗೂ ಕೇಳಿಸಿತಂತೆ.

ಶುಕ್ರವಾರ ತ್ರಿವೇಣಿ ಮತ್ತೆ ಇಂಪನಾಳಿಗೆ ಫೋನು ಮಾಡಿದಳು.

"ನೀನೇ ಪಾಸ್‌ವರ್ಡ್ ಚೇಂಜ್ ಮಾಡು. ರೌಟರ್ ಸೆಟ್ಟಿಂಗ್ಸ್ ಅಷ್ಟೇ ಕಣೇ, ಈಸಿ," ಎಂದು ಇಂಪನಾ ಹೇಳಿಕೊಟ್ಟಳು. "ಯಾರಿಗೂ ಗೊತ್ತೇ ಆಗಲ್ಲ. ಭಾನುವಾರ ಆದ್ಮೇಲೆ ವಾಪಸ್ ಹಾಕ್ಬಿಡು."

ಶನಿವಾರ ಮಧ್ಯಾಹ್ನ, ಅಜ್ಜಿ ಚಹಾಕ್ಕೆ ನೀರಿಡಲು ಎದ್ದಾಗ, ತ್ರಿವೇಣಿ ಹೊಸ ಪಾಸ್‌ವರ್ಡ್ ಒತ್ತಿದಳು: ಹುಲಿಮೀಸೆ.

ಕಟ್ಟೆಯ ಮೇಲೆ ಒಮ್ಮೆಲೇ ಸದ್ದಡಗಿತು. ಕುಸ್ತಿ ನಿಂತಿತು. ಧಾರಾವಾಹಿಯ ಅತ್ತೆ ಕೈ ಎತ್ತಿದವಳು ಎತ್ತಿದ ಹಾಗೇ ಉಳಿದಳು. ತ್ರಿವೇಣಿ ಕಿಟಕಿಯ ಮರೆಯಲ್ಲಿ ಉಸಿರು ಹಿಡಿದು ನಿಂತಳು. ಈಗ ಎಲ್ಲರೂ ಒಳಗೆ ಬಂದು ಕೇಳುತ್ತಾರೆ, ಅಜ್ಜಿಗೆ ಗೊತ್ತಾಗುತ್ತದೆ, ಮುಗಿಯಿತು.

ಯಾರೂ ಒಳಗೆ ಬರಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಫೋನನ್ನೇ ಬೈಯಲು ಶುರುಮಾಡಿದರು. ತಾತ್ಯಾ ತನ್ನದನ್ನು ಧೋತರದಿಂದ ಒರೆಸಿ, ತಂಪು ಹಿಡಿದಿರಬೇಕೆಂದು ಬಿಸಿಲಿಗೆ ಒಣಹಾಕಿದ. ಮೂಲೆ ಮನೆಯಾಕೆ ತನ್ನದಕ್ಕೆ ದೃಷ್ಟಿ ತೆಗೆದಳು. ಶೆವಂತಾ ಕಾಕು ಮೆಲ್ಲಗೆ ಬಾಗಿಲಿಗೆ ಬಂದು ಫೋನು ತೋರಿಸಿದಳು.

"ವೇಣೀ, ಇದಕ್ಕ ವಯಸ್ಸಾತು ನೋಡವಾ. ನನ್ನಂಗ ಇದಕ್ಕೂ ಕಿವಿ ಕೇಳವಲ್ದು. ಇರ್ಲಿ, ನೀ ಓದಕೋ, ನಿನಗ್ಯಾಕ ತ್ರಾಸು."

ತ್ರಿವೇಣಿ ಮೂಗು ಒರೆಸಿಕೊಂಡಳು, ಅಷ್ಟೇ. ನೆಗಡಿಯೇನೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ತಾತ್ಯಾನಿಗೆ ಹೊಳೆಯಿತು. "ತಡೀರಿ. ಎಲ್ಲಾರ ಫೋನೂ ಕೂಡೇ ಹ್ಯಾಂಗ ಸಾಯ್ತಾವ? ವೈರ್ ಕಟ್ ಆಗೇದ."

"ಅಯ್ಯ, ನಾಳೆ ಪೋರಿದು ಸ್ಪರ್ಧಾ ಅದಲ್ಲ," ಎಂದಳು ಶೆವಂತಾ ಕಾಕು.

ಆ ಮಾತಿಗೆ ಕಟ್ಟೆಗೆ ಕಟ್ಟೆಯೇ ಎದ್ದು ನಿಂತಿತು. ತಮ್ಮ ಕುಸ್ತಿ, ತಮ್ಮ ಧಾರಾವಾಹಿ ಎಲ್ಲ ಮರೆತೇಹೋಯಿತು. ಒಬ್ಬರು ಏಣಿ ತಂದರು. ಇನ್ನೊಬ್ಬರು ಉದ್ದ ಕೋಲು ತಂದರು. ಅಜ್ಜಿ ಚುರುಮುರಿ ಕಟ್ಟಿಕೊಂಡಳು, ದಾರಿಗೆ ಬೇಕಲ್ಲ. ಆಡಿಗೆ ಯಾರೂ ಬಾ ಎನ್ನಲಿಲ್ಲ, ಆದರೂ ಬಂತು. ಎಲ್ಲರೂ ತಲೆ ಮೇಲೆ ಮಾಡಿ, ವೈರನ್ನೇ ನೋಡುತ್ತ, ಒಬ್ಬರ ಕಾಲು ಒಬ್ಬರು ತುಳಿಯುತ್ತ, ಪಂಚಾಯಿತಿ ಕಚೇರಿಯ ದಿಕ್ಕಿಗೆ ಹೊರಟರು. ಅವರ ಹಿಂದೆ ತ್ರಿವೇಣಿಯೂ ಹೊರಟಳು. ಹೋಗದೆ ಮನೆಯಲ್ಲಿ ಕೂರುವುದು ಇನ್ನೂ ಕಷ್ಟವಾಗಿತ್ತು.

ಪೇರಲ ಮರದ ಹತ್ತಿರ ವೈರ್ ಸರಿಯಾಗಿತ್ತು. ಮಾರುತಿ ಗುಡಿಯ ಗೋಡೆಯ ಮೇಲೂ ಸರಿಯಾಗಿತ್ತು. ದನದ ಕೊಟ್ಟಿಗೆಯ ಹತ್ತಿರ ಮೇಲೆ ನೋಡುತ್ತ ನಡೆದ ಮೂಲೆ ಮನೆಯಾಕೆ ಸೀದಾ ಸಗಣಿಯಲ್ಲಿ ಕಾಲಿಟ್ಟು, "ಇಲ್ಲೂ ಕಟ್ ಆಗಿಲ್ಲ," ಎಂದು ವರದಿ ಒಪ್ಪಿಸಿದಳು. ಹುಣಸೆ ಮರದ ಮೇಲೆ ವೈರಿಗೆ ಏನೋ ಸುತ್ತಿಕೊಂಡದ್ದು ಕಾಣಿಸಿತು. ತಾತ್ಯಾ ಧೋತರ ಮೇಲೆ ಕಟ್ಟಿ, "ಜೈ ಬಜರಂಗ ಬಲಿ," ಎನ್ನುತ್ತ ಏಣಿ ಹತ್ತಿ, ಏಣಿಯಿಂದ ಕೊಂಬೆಗೆ ದಾಟಿಕೊಂಡ.

"ಸಿಕ್ತು," ಎಂದು ಮೇಲಿನಿಂದ ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. "ಪತಂಗ ಅದ," ಎಂದ. ಸಂಕ್ರಾಂತಿಯ ಹರಿದ ಗಾಳಿಪಟ. ಚಪ್ಪಾಳೆ ನಿಂತಿತು.

ಬಿಸಿಲು ಚುರುಗುಟ್ಟುತ್ತಿತ್ತು. ಶೆವಂತಾ ಕಾಕುವಿಗೆ ಮೊಣಕಾಲು ನೋವು. ಎರಡು ಹೆಜ್ಜೆ ಇಟ್ಟು ನಿಲ್ಲುತ್ತಿದ್ದಳು, ಮತ್ತೆ ಇಡುತ್ತಿದ್ದಳು. ತ್ರಿವೇಣಿಯ ಮುಖ ನೋಡಿ ಹತ್ತಿರ ಬಂದು, ತನ್ನ ಸೆರಗನ್ನು ಅವಳ ತಲೆಯ ಮೇಲೆ ಹಿಡಿದಳು.

"ಮಾರಿ ಸಣ್ಣ ಮಾಡಕೋಬ್ಯಾಡವಾ. ಪಂಚಾಯಿತಿ ತನಕಾ ನೋಡೂಣು, ಬೇಕಾದ್ರ ಸಾಸವಡದ ತನಕಾ ನೋಡೂಣು. ನಾಳೆ ನೀ ಕತಿ ಹೇಳೇ ಹೇಳ್ತಿ."

ಸೆರಗಿನ ನೆರಳಿನಲ್ಲಿ ತಂಪಾಗಬೇಕಿತ್ತು. ತ್ರಿವೇಣಿಯ ಕಿವಿ ಬಿಸಿಯಾದವು.

"ಕಾಕು," ಎಂದಳು. ಸೆರಗಿನ ನೆರಳಿನಿಂದ ಹೊರಗೆ ಬಂದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ವೈರ್ ಕಟ್ ಆಗಿಲ್ಲ. ನಾನೇ ಪಾಸ್‌ವರ್ಡ್ ಬದಲಿ ಮಾಡೇನಿ. ನಾಳೆ ನನ್ನ ಕತಿ ನಡುವ ನಿಲ್ಲಬಾರ್ದಂತ."

ಎಲ್ಲರೂ ವೈರ್ ಬಿಟ್ಟು ಅವಳನ್ನು ನೋಡಿದರು. ಆಡು ಕೂಡ ಮೇಯುವುದನ್ನು ನಿಲ್ಲಿಸಿತು.

"ಅಂದ್ರ," ಎಂದಳು ಶೆವಂತಾ ಕಾಕು ನಿಧಾನವಾಗಿ, "ನನ್ನ ಫೋನು ಸತ್ತಿಲ್ಲ?"

"ಇಲ್ಲ ಕಾಕು."

"ಪಾಂಡುರಂಗಾ," ಎಂದು ಕಾಕು ಫೋನನ್ನು ಕೆನ್ನೆಗೆ ಒತ್ತಿಕೊಂಡಳು. "ಎಷ್ಟು ಬೈದೆನವಾ ಇದಕ್ಕ."

"ನಂದೂ ಸತ್ತಿಲ್ಲೇನು?" "ನಂದು?" ಎಂದು ಎಲ್ಲರೂ ತಮ್ಮ ತಮ್ಮ ಫೋನು ತೋರಿಸತೊಡಗಿದರು. ತ್ರಿವೇಣಿ ಒಬ್ಬೊಬ್ಬರಿಗೂ ಇಲ್ಲ, ಇಲ್ಲ, ನಿಮ್ಮದೂ ಇಲ್ಲ ಎಂದು ಡಾಕ್ಟರರ ಹಾಗೆ ಹೇಳಬೇಕಾಯಿತು.

ಹುಣಸೆ ಮರದಿಂದ ದನಿ ಬಂತು. "ಹಂಗಾರ ನಾ ಇಳೀಲೇನು? ಯಾರರೆ ಏಣಿ ಹಿಡೀರಿ, ಹತ್ತೂಮುಂದ ಇಷ್ಟು ಎತ್ತರ ಇರಲಿಲ್ಲ ಇದು."

ಎಲ್ಲರೂ ನಕ್ಕರು. ನಗದಿದ್ದವಳು ಅಜ್ಜಿ ಒಬ್ಬಳೇ. ಮನೆಗೆ ಬರುವವರೆಗೂ ಅವಳು ಎಲ್ಲರಿಗಿಂತ ಮುಂದೆ ನಡೆದಳು. ಚುರುಮುರಿಯನ್ನೂ ಕೊಡಲಿಲ್ಲ. ಬಂದವಳೇ ಎಳ್ಳುಬೆಲ್ಲದ ಡಬ್ಬಿ, ಅರಿಶಿನ ಕುಂಕುಮದ ಬಟ್ಟಲು ತಂದು ತ್ರಿವೇಣಿಯ ಮುಂದಿಟ್ಟಳು.

"ಹಳೇ ವಾಣ ನೀ ಮುರದಿ. ಹೊಸಾದು ನೀನಽ ಕೊಟ್ಟು ಬಾ. ಮನಿ ಮನಿಗೆ ಹೋಗಬೇಕು. ಕೂಗಿ ಹೇಳಿ ಬರೂದಲ್ಲ, ಒಳಗ ಹೋಗಿ ಕೊಡಬೇಕು."

"ಹೂಂ ಅಜ್ಜಿ."

"ಮತ್ತ..." ಅಜ್ಜಿ ಡಬ್ಬಿಯ ಮುಚ್ಚಳ ಒತ್ತಿ ಸರಿಮಾಡಿದಳು. "ಬಾವಿಗೂ ಬ್ಯಾಸಗಿ ಅನ್ನೂದು ಇರತದ. ನಾ ಅದನ್ನ ಮರತೆ." ಹೀಗೆಂದು ಚುರುಮುರಿಯ ಗಂಟನ್ನು ಅವಳ ಕೈಗಿಟ್ಟಳು.

ಸೂರ್ಯ ಬೆಟ್ಟದ ಹಿಂದೆ ಇಳಿಯುವಷ್ಟರಲ್ಲಿ ತ್ರಿವೇಣಿ ಹೊಸ ಚೀಟಿ ಬರೆದುಕೊಂಡು ಹೋಗಿ ಎಲ್ಲ ಮನೆ ಮುಗಿಸಿದಳು. ಓಣಿಯಲ್ಲಿ ಯಾರಿಗೂ ಕನ್ನಡ ಬಾರದಲ್ಲ. ಹೊಸ ಪಾಸ್‌ವರ್ಡಿನ ಅರ್ಥ ಏನೆಂದು ಎಲ್ಲರೂ ಕೇಳಿದರು. ಹುಲಿಯ ಮೀಸೆ ಎಂದು ಮರಾಠಿಯಲ್ಲಿ ಹೇಳಿದಾಗ ತಾತ್ಯಾ ತನ್ನ ಮೀಸೆ ತಿರುವಿಕೊಂಡು, "ನನ್ನ ನೋಡೇ ಇಟ್ಟಿದೇನು?" ಎಂದ. ಅವನ ಚೀಟಿಯನ್ನು ಆಡಿಗೆ ಎಟುಕದ ಹಾಗೆ ಗಣಪತಿಯ ಫೋಟೋದ ಹಿಂದೆ ಸಿಕ್ಕಿಸಿ ಬಂದಳು. ನಾಳೆಯ ಸ್ಪರ್ಧೆಯ ಮಾತನ್ನು ಮಾತ್ರ ಅವಳು ಎಲ್ಲೂ ಎತ್ತಲಿಲ್ಲ. ಹೇಗೆ ಎತ್ತುವುದು? ವಾಣ ಕೊಟ್ಟು, ಬಳಸಬೇಡಿ ಎನ್ನಲಾಗುತ್ತದೆಯೇ?

ಭಾನುವಾರ ಸಂಜೆ ಲ್ಯಾಪ್‌ಟಾಪ್ ತೆರೆದು ಕುಳಿತಾಗ ಕಟ್ಟೆಯ ಕಡೆಯಿಂದ ಚಪ್ಪಲಿಗಳ ಸದ್ದು ಕೇಳಿಸಿತು. ಒಬ್ಬರು, ಇಬ್ಬರು, ಆಮೇಲೆ ಬಹಳ ಜನ. ಬಂದರು ಎಂದುಕೊಂಡಳು. ನಿಂತರೆ ನಿಲ್ಲಲಿ, ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಹೇಳುವುದು. ಕಿಟಕಿ ಮುಚ್ಚಿದಳು.

ಪರದೆಯ ಮೇಲೆ ಶ್ರೀಕಂಠಯ್ಯ ಸರ್ ಬಂದರು. ಎಷ್ಟು ಸ್ಪಷ್ಟವಾಗಿ ಬಂದರೆಂದರೆ ಅವರ ಕಿವಿಯ ಕೂದಲನ್ನು ಎಣಿಸಬಹುದಿತ್ತು. ಮುಂಬಯಿಯ ಹುಡುಗ ಕಾರ್ತಿಕ ಕಾಗೆಯ ಕತೆ ಹೇಳಿದ. ಒಮ್ಮೆಯೂ ನಿಲ್ಲಲಿಲ್ಲ. ತ್ರಿವೇಣಿಯ ಹೆಸರು ಕರೆದರು.

ಅವಳು ಶುರುಮಾಡಿದಳು. ಹುಲಿ ಎದ್ದಿತು, ಕನ್ನಡಿ ನೋಡಿತು, ಮೀಸೆಯಿಲ್ಲ. ಹುಲಿ ಕರಡಿಯ ಮೇಲೆ ಗುಮಾನಿ ಪಟ್ಟಿತು. ಮೊಲದ ಮನೆಯ ಹಾಸಿಗೆ ಕೊಡವಿತು. ಇಂಟರ್ನೆಟ್ ನಿಲ್ಲಲಿಲ್ಲ. ಹುಡುಕಿ ಹುಡುಕಿ ದಣಿದ ಹುಲಿ ಮರದ ಕೆಳಗೆ ಮಲಗಿತು ಎನ್ನುವ ಹೊತ್ತಿಗೆ ಸರಿಯಾಗಿ ಕಿಟಕಿಯ ಆಚೆಯಿಂದ ಒಂದು ಗೊರಕೆ ಬಂತು. ಗೊರ್ ಎಂದು ಶುರುವಾಗಿ ಸೀಟಿಯಲ್ಲಿ ಮುಗಿಯುವ ಗೊರಕೆ. ತ್ರಿವೇಣಿಗೆ ನಗು ಉಕ್ಕಿ ಬಂತು. ತುಟಿ ಕಚ್ಚಿ, "ಕೇಳಿದಿರಲ್ಲ, ಹುಲಿಗೆ ನಿದ್ದೆ ಹತ್ತಿತು," ಎಂದಳು. ಪರದೆಯ ತುಂಬ ಮಕ್ಕಳು ಬಿದ್ದು ಬಿದ್ದು ನಕ್ಕರು.

ಕತೆ ಕೊನೆಯವರೆಗೂ ಹೋಯಿತು. ಶ್ರೀಕಂಠಯ್ಯ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಫಲಿತಾಂಶ ನಾಳೆ ಹೇಳುತ್ತೇವೆ. ಆದರೆ ಆ ಗೊರಕೆಯನ್ನು ಹೇಗೆ ಮಾಡಿದೆ ಮಗು? ನಿನ್ನ ಬಾಯಿ ಅಲುಗಲೇ ಇಲ್ಲ."

"ನಮ್ಮ ಓಣ್ಯಾಗ ಸಿಗತದ ಸರ್," ಎಂದಳು ತ್ರಿವೇಣಿ.

ಲ್ಯಾಪ್‌ಟಾಪ್ ಮುಚ್ಚಿ, ಬಾಗಿಲು ತೆರೆದು ಹೊರಗೆ ಬಂದಳು.

ಕಟ್ಟೆ ತುಂಬ ಜನ ಕುಳಿತಿದ್ದರು. ಯಾರ ಕೈಯಲ್ಲೂ ಫೋನಿರಲಿಲ್ಲ. ಫೋನುಗಳೆಲ್ಲ ಅಪ್ಪನ ಅಂಜೂರದ ಬುಟ್ಟಿಯಲ್ಲಿದ್ದವು, ಒಂದರ ಮೇಲೊಂದು, ಎಲ್ಲವೂ ಆಫ್ ಆಗಿ. ಬುಟ್ಟಿಗೆ ಕಾವಲಾಗಿ ಅಜ್ಜಿ ಕುಳಿತಿದ್ದಳು. ತಾತ್ಯಾ ಗೋಡೆಗೆ ಒರಗಿ ಬಾಯಿ ತೆರೆದು ಮಲಗಿದ್ದ. ಶೆವಂತಾ ಕಾಕು ಒಂದು ಕೈಯಿಂದ ಆಡಿನ ಬಾಯಿ ಹಿಡಿದಿದ್ದಳು, ಅದು ಅರಚಬಾರದೆಂದು. ಯಾರೂ ಅಲುಗುತ್ತಿರಲಿಲ್ಲ. ಕೆಮ್ಮು ಬಂದವರು ಸೆರಗಿನೊಳಗೆ ಕೆಮ್ಮುತ್ತಿದ್ದರು.

ಅವಳನ್ನು ಕಂಡು ಶೆವಂತಾ ಕಾಕು ಗಾಬರಿಯಾದಳು.

"ಯಾಕ ಎದ್ದು ಬಂದಿ?" ಎಂದು ಪಿಸುಗುಟ್ಟಿದಳು. "ಕಟ್ ಆತೇನು? ನಾವ್ಯಾರೂ ಮುಟ್ಟಿಲ್ಲ ವೇಣೀ. ನಿನ್ನಾಣಿ, ಯಾರೂ ಮುಟ್ಟಿಲ್ಲ."

ತ್ರಿವೇಣಿಗೆ ಆಗ ತಿಳಿಯಿತು. ಕತೆ ಮುಗಿದದ್ದು ಇವರಿಗೆ ಗೊತ್ತೇ ಆಗಿಲ್ಲ. ಅಷ್ಟು ಹೊತ್ತು ಇವರಿಗೆ ಒಂದು ಮಾತೂ ಅರ್ಥವಾಗಿಲ್ಲ. ಆದರೂ ಹೀಗೆ ಕುಳಿತಿದ್ದಾರೆ.

ಅವಳು ಕಾಕುವಿನ ಪಕ್ಕ, ಆಡು ಬಿಟ್ಟುಕೊಟ್ಟಷ್ಟು ಜಾಗದಲ್ಲಿ ತುರುಕಿಕೊಂಡು ಕುಳಿತಳು.

"ಮುಗೀತು ಕಾಕು. ಎಲ್ಲೂ ನಿಲ್ಲಲಿಲ್ಲ."

ಕಾಕು ಆಡಿನ ಬಾಯಿ ಬಿಟ್ಟಳು. ಆಡು ಬಹಳ ಹೊತ್ತಿನಿಂದ ತಡೆದಿಟ್ಟಿದ್ದನ್ನೆಲ್ಲ ಒಂದೇ ಸಲ ಅರಚಿತು. ತಾತ್ಯಾ ಎಚ್ಚೆತ್ತು, "ನಾ ಮಲಗಿರಲಿಲ್ಲ," ಎಂದ. ಅಜ್ಜಿ ಬುಟ್ಟಿಯನ್ನು ನಡುವಿಗೆ ನೂಕಿ ತಗೊಳ್ಳಿ ಎಂದಳು. ತ್ರಿವೇಣಿ ಕಾಕುವಿನ ಫೋನನ್ನು ಹುಡುಕಿ ತೆಗೆದು ಅವಳ ಕೈಗೆ ಕೊಟ್ಟಳು. ಮೊಮ್ಮಗ ಊಟಕ್ಕೆ ಕೂರುವ ಹೊತ್ತು.

ಕಾಕು ಅದನ್ನು ಆನ್ ಮಾಡಲಿಲ್ಲ. ಮಡಿಲಲ್ಲಿಟ್ಟುಕೊಂಡು ಕೇಳಿದಳು, "ಹುಲಿ ಮೀಸಿ ಅಂದಿದ್ದಿಯಲ್ಲ. ಏನಾತು ಆ ಮೀಸಿಗೆ?"

"ಹೌದ್ ಮತ್ತ," ಎಂದ ತಾತ್ಯಾ, ತನ್ನದನ್ನು ಮುಟ್ಟಿ ನೋಡಿಕೊಳ್ಳುತ್ತ.

ತ್ರಿವೇಣಿ ಕಾಲು ಮಡಚಿ ಸರಿಯಾಗಿ ಕುಳಿತಳು. ಆಮೇಲೆ ಮರಾಠಿಯಲ್ಲಿ, ಆತುರವಿಲ್ಲದೆ, ಮೊದಲಿನಿಂದ ಹೇಳತೊಡಗಿದಳು.